ಕಡಲೆಕಾಯಿ ಹಿಟ್ಟಿನೊಳಗಿನ ವಿಷ: ಮೈಸೂರಿನ ಸಂಶೋಧನೆಯ ಒಂದು ಅಧ್ಯಾಯ

ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷದ ಚರಿತ್ರೆಯನ್ನು ಸಾಮಾನ್ಯವಾಗಿ 1960ರ ಇಂಗ್ಲೆಂಡಿನಿಂದ ಆರಂಭಿಸುತ್ತಾರೆ. ಆ ವರ್ಷ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ತಿಳಿಯದ ಆ ಬೇನೆಯನ್ನು ‘ಟರ್ಕಿ ಎಕ್ಸ್’ ಎಂದು ಕರೆದರು. ಬ್ರೆಜಿಲಿನಿಂದ ತರಿಸಿದ ಕಡಲೆಕಾಯಿ ಹಿಂಡಿಯ ಮೇಲೆ ಅನುಮಾನ ಬಿತ್ತು. ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಬೂಷ್ಟೇ ವಿಷದ ಮೂಲವೆಂದು ಗೊತ್ತಾಯಿತು. ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆದ ವಿಷಗಳಿಗೆ ‘ಬಿ’ ಎಂದೂ ಹಸಿರಾಗಿ ಹೊಳೆದವಕ್ಕೆ ‘ಜಿ’ ಎಂದೂ ಹೆಸರಾಯಿತು. ಇಷ್ಟು ಎಲ್ಲ ಪಠ್ಯಪುಸ್ತಕಗಳಲ್ಲೂ ಸಿಗುತ್ತದೆ. ಆದರೆ ಈ ವಿಷ ಮನುಷ್ಯರ ಮಕ್ಕಳಿಗೆ ಏನು ಮಾಡೀತು ಎಂಬ ಪ್ರಶ್ನೆ ಮೈಸೂರನ್ನು ಕಾಡಿದಷ್ಟು ತೀವ್ರವಾಗಿ ಇಂಗ್ಲೆಂಡನ್ನು ಕಾಡಿರಲಾರದು. ಅದಕ್ಕೆ ಕಾರಣವಿದೆ.

1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ಸಂಸ್ಥೆಯ ಮುಂದಿದ್ದ ದೊಡ್ಡ ಸಮಸ್ಯೆ ಪ್ರೋಟೀನ್ ಕೊರತೆ. ಹಾಲು, ಮೊಟ್ಟೆ ಬಡವರ ಕೈಗೆ ಎಟುಕುತ್ತಿರಲಿಲ್ಲ. ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿಯಲ್ಲಾದರೋ ಪ್ರೋಟೀನ್ ಹೇರಳವಾಗಿತ್ತು, ಬೆಲೆಯೂ ಅಗ್ಗ. ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ರೂಪುಗೊಂಡ ‘ಬಹೂಪಯೋಗಿ ಆಹಾರ’ದಲ್ಲಿ ಮುಕ್ಕಾಲು ಪಾಲು ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು, ಜೊತೆಗೆ ಜೀವಸತ್ವ ಮತ್ತು ಕ್ಯಾಲ್ಸಿಯಂ ಇದ್ದವು. ಹೀಗೆ ಕೊಟ್ಟಿಗೆಯ ಮೇವು ಮಕ್ಕಳ ತಟ್ಟೆಗೆ ಬಂತು. ಟರ್ಕಿ ಕೋಳಿಗಳ ಸುದ್ದಿ ಬಂದಾಗ ಅದು ಪಶುವೈದ್ಯರಿಗೆ ಮಾತ್ರ ಸಂಬಂಧಿಸಿದ ಸುದ್ದಿಯಾಗಿ ಉಳಿಯದಿದ್ದುದು ಇದರಿಂದಲೇ. 1964ರಲ್ಲಿ ಹೈದರಾಬಾದಿನ ತುಳಪುಳೆ, ಮಾಧವನ್, ಗೋಪಾಲನ್ ಅವರು ಅಫ್ಲಾಟಾಕ್ಸಿನ್ ತಿಂದ ಮಂಗಗಳ ಯಕೃತ್ತು ಕೆಡುವುದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು.

ಇದಕ್ಕಿಂತ ಕಳವಳಕಾರಿಯಾದದ್ದು 1971ರ ಮೈಸೂರಿನ ಪ್ರಬಂಧ. ವೈದ್ಯೆ ಐ. ಅಮ್ಲಾ ಮತ್ತು ಸಂಗಡಿಗರ ಜೊತೆ ಅದರಲ್ಲಿ ಸಿಎಫ್‌ಟಿಆರ್‌ಐನ ವಿ. ಶ್ರೀನಿವಾಸಮೂರ್ತಿ ಮತ್ತು ಆಗಿನ ನಿರ್ದೇಶಕ ಎಚ್.ಎ.ಬಿ. ಪಾರ್ಪಿಯಾ ಅವರ ಹೆಸರುಗಳೂ ಇವೆ. ಪ್ರೋಟೀನ್ ಕೊರತೆಯ ಕಾಯಿಲೆಯಾದ ಕ್ವಾಶಿಯೋರ್ಕರ್‌ನಿಂದ ಬಳಲುತ್ತಿದ್ದ ಮಕ್ಕಳಿಗೆ ಪಥ್ಯವಾಗಿ ಕೊಟ್ಟ ಕಡಲೆಕಾಯಿ ಹಿಟ್ಟಿನಲ್ಲಿ ಕಿಲೋಗೆ ಸುಮಾರು 300 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್ ಇತ್ತು. ಮಕ್ಕಳು ಅದನ್ನು ಕೆಲವು ದಿನಗಳಿಂದ ಒಂದು ತಿಂಗಳವರೆಗೆ ತಿಂದಿದ್ದರು. ಮುಂದಿನ ತಪಾಸಣೆಗಳಲ್ಲಿ ಯಕೃತ್ತಿನ ಊತ, ನಾರುಗಟ್ಟುವಿಕೆ, ಸಿರೋಸಿಸ್ ಕಂಡವು. ಮಕ್ಕಳ ಸಂಖ್ಯೆ ಚಿಕ್ಕದು. ಕ್ವಾಶಿಯೋರ್ಕರ್ ತಾನೇ ಯಕೃತ್ತಿಗೆ ಕೊಬ್ಬು ತುಂಬುವ ರೋಗ. ಯಾವ ಹಾನಿ ಯಾವುದರಿಂದ ಎಂದು ಬಿಡಿಸಿ ಹೇಳುವುದು ಕಷ್ಟ. ಆದರೂ ಹಿಟ್ಟಿನ ಪರವಾಗಿ ದುಡಿದ ಸಂಸ್ಥೆಯ ನಿರ್ದೇಶಕರೇ ಅದರ ಕೇಡನ್ನು ಹೇಳುವ ಪ್ರಬಂಧಕ್ಕೆ ಹೆಸರು ಕೊಟ್ಟರು. ನಮ್ಮ ವಿಜ್ಞಾನದ ಇತಿಹಾಸದಲ್ಲಿ ಇಂಥ ಪ್ರಾಮಾಣಿಕತೆಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ ಎಂದೇ ನನ್ನ ಭಾವನೆ.

ವಿಷವನ್ನು ತೆಗೆಯುವ ದಾರಿಗಳನ್ನೂ ಇದೇ ಪ್ರಯೋಗಾಲಯ ಹುಡುಕಿತು. 1967ರಲ್ಲಿ ಶ್ರೀನಿವಾಸಮೂರ್ತಿ ತಂಡ ಹೈಡ್ರೋಜನ್ ಪೆರಾಕ್ಸೈಡಿನಿಂದ ಹಿಂಡಿಯ ಅಫ್ಲಾಟಾಕ್ಸಿನ್ನನ್ನು ನಾಶಮಾಡಬಹುದೆಂದು ತೋರಿಸಿತು. ರಾಸಾಯನಿಕ, ಕ್ಷಾರ, ಶಾಖ ಎಲ್ಲ ಬೇಕಾದ ಆ ವಿಧಾನ ಕಾರ್ಖಾನೆಗೆ ಸರಿ, ಹಳ್ಳಿಗೆ ಅಲ್ಲ. 1977ರಲ್ಲಿ ಟಿ. ಶಾಂತಾ ಅವರು ಶ್ರೀನಿವಾಸಮೂರ್ತಿ ಅವರೊಂದಿಗೆ ಪ್ರಕಟಿಸಿದ ಕೆಲಸ ಬೇರೆ ಬಗೆಯದು. ಗಾಣದ ಎಣ್ಣೆಯನ್ನು ಪ್ರಖರ ಬಿಸಿಲಿಗೆ ಇಟ್ಟರೆ ಅದರಲ್ಲಿನ ಅಫ್ಲಾಟಾಕ್ಸಿನ್ ಒಡೆದುಹೋಗುತ್ತದೆ! ಕ್ಷಾರ ಹಾಕಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಈ ವಿಷ ಉಳಿಯುವುದಿಲ್ಲ. ಆದರೆ ಗಾಣದ ಎಣ್ಣೆಯಲ್ಲಿ ಹಿಂಡಿಯ ನುಣ್ಣನೆಯ ಕಣಗಳೊಂದಿಗೆ ಅದು ಬಂದುಬಿಡುತ್ತದೆ, ಕಾಯಿಸಿದರೂ ಪೂರ್ತಿ ಹೋಗದು. ಬಿಸಿಲಿಗೆ ಖರ್ಚಿಲ್ಲ. ತಗಡಿನ ಡಬ್ಬಿಯೊಳಗೆ ಮಾತ್ರ ಬೆಳಕು ಹೋಗುವುದಿಲ್ಲ, ಗಾಜೇ ಬೇಕು. ಈಚೆಗೆ ನಗರಗಳಲ್ಲಿ ಮರದ ಗಾಣದ ಎಣ್ಣೆಗೆ ಹುಟ್ಟಿರುವ ಮೋಹವನ್ನು ನೋಡಿದರೆ ಈ ಹಳೆಯ ಪ್ರಬಂಧವನ್ನು ಮತ್ತೆ ಓದಬೇಕೆನಿಸುತ್ತದೆ.

ದೇಶ ನಿಜವಾಗಿ ಬೆಚ್ಚಿಬಿದ್ದದ್ದು 1974ರಲ್ಲಿ. ರಾಜಸ್ಥಾನದ ಬಾಂಸ್‌ವಾಡಾ ಮತ್ತು ಗುಜರಾತಿನ ಪಂಚಮಹಲ್ ಭಾಗದ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ಸತ್ತರು. 1987ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಫ್ಲಾಟಾಕ್ಸಿನ್ನನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಭಾರತದಲ್ಲಿ ಕಿಲೋಗೆ 30 ಮೈಕ್ರೋಗ್ರಾಂ ಇದ್ದ ಮಿತಿ ಈಗ ಸಂಸ್ಕರಣೆಗೆ ಹೋಗುವ ಎಣ್ಣೆಕಾಳಿಗೆ 15, ನೇರ ತಿನ್ನುವುದಕ್ಕೆ 10.

ಆದರೆ ಈ ಬೂಷ್ಟು ಗೋದಾಮಿನಲ್ಲಿ ಮಾತ್ರ ಹುಟ್ಟುವುದಿಲ್ಲ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ಮಣ್ಣು ಕಾದಾಗ, ನೆಲದೊಳಗಿರುವ ಕಾಯಿಗೇ ಅದು ಹತ್ತುತ್ತದೆ. ಚಳ್ಳಕೆರೆ, ಪಾವಗಡದಂಥ ಮಳೆಯಾಶ್ರಿತ ಸೀಮೆಗೆ ಇದು ಅಪರೂಪದ ಸಂಗತಿಯಲ್ಲ. ಕೊಯ್ಲಿನ ಬಳಿಕ ಕಾಳಿನ ತೇವ ಶೇಕಡಾ 8ರ ಆಸುಪಾಸಿಗೆ ಇಳಿಯುವಂತೆ ಒಣಗಿಸುವುದು, ಮುರುಟಿದ, ಬಣ್ಣಗೆಟ್ಟ ಕಾಳನ್ನು ಆರಿಸಿ ತೆಗೆಯುವುದು ಮುಖ್ಯ. ಹಾಗೆ ಆರಿಸಿ ತೆಗೆದ ಕಾಳು ಗಾಣಕ್ಕೋ ದನದ ಮೇವಿಗೋ ಹೋಗಬಾರದು. ಹಸು ತಿಂದ ವಿಷ ‘ಎಂ1’ ರೂಪದಲ್ಲಿ ಹಾಲಿಗೆ ಬರುತ್ತದೆ. ಪ್ರಯೋಗಾಲಯದ ನಿರ್ವಿಷೀಕರಣಕ್ಕಿಂತ ರೈತನ ಕಣದಲ್ಲಿ ನಡೆಯುವ ಈ ಕೆಲಸಕ್ಕೆ, ಜೊಳ್ಳು ಕಾಳಿಗೂ ಬೆಲೆ ಕಟ್ಟಿ ಬೇರೆಯಾಗಿ ಕೊಳ್ಳುವ ವ್ಯವಸ್ಥೆಗೆ, ಸರ್ಕಾರ ಮೊದಲು ಹಣ ಕೊಡಬೇಕು.