ಕಡಲಿಗೊಲಿದ ಅಲೆ

ಕರಾವಳಿಯ ಕನ್ನಡಿಗರು ಬಹುಕಾಲ ಘಟ್ಟದಾಚೆಯ ಧಾರವಾಡ, ಬೆಂಗಳೂರು ಕೇಂದ್ರಗಳಿಗೆ ಕಿವಿಗೊಟ್ಟವರು. 1976ರ ಡಿಸೆಂಬರ್ 11ರಂದು ಮಂಗಳೂರು ಆಕಾಶವಾಣಿ ಮಾತನಾಡತೊಡಗಿತು. ಪ್ರಸಾರದ ಸ್ತಂಭವಾದರೋ ಬ್ರಹ್ಮಾವರದಲ್ಲಿ. 1089 ಕಿಲೋಹರ್ಟ್ಸಿನ ಆ ಮಧ್ಯಮ ತರಂಗದ ಉದ್ದ ಸುಮಾರು 275 ಮೀಟರು.

ಇಂಥ ನೀಳವಾದ ಅಲೆ ನೆಲವನ್ನಪ್ಪಿಕೊಂಡೇ ಸಾಗುತ್ತದೆ. ಒಣನೆಲ ಅದರ ಕಸುವನ್ನು ಹೀರಿಬಿಡುತ್ತದೆ. ವಿದ್ಯುತ್ತು ಸರಾಗವಾಗಿ ಹರಿಯುವ ಉಪ್ಪುನೀರು ಅದನ್ನು ಬಹುದೂರ ಒಯ್ಯುತ್ತದೆ. ಆದುದರಿಂದಲೇ ಘಟ್ಟದತ್ತ ಸೊರಗುವ ದನಿ ಕಡಲಿನತ್ತ ನಿಚ್ಚಳ. ದೋಣಿಯ ಮೀನುಗಾರನಿಗೆ ಹವಾಮಾನದ ವಾರ್ತೆಯನ್ನು ಮುಟ್ಟಿಸಬಲ್ಲ ಗುಣವಿದು.

ಎಫ್.ಎಂ. ಅಲೆಯ ಉದ್ದವೋ ಕೇವಲ 3 ಮೀಟರು. ಅದರ ನಾದ ಇಂಪು, ನಿಜ. ಆದರೆ ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ನಡೆಯುವ ಅದು ದಿಗಂತದಾಚೆಗೆ ಹೆಚ್ಚು ಬಾಗದು. ಇಂಪಿಗಾಗಿ ಹಳೆಯ ಅಲೆಯನ್ನು ತೊರೆಯುವ ಮುನ್ನ, ದಡ ಕಾಣದಷ್ಟು ದೂರದಲ್ಲಿರುವ ಕೇಳುಗನನ್ನೂ ನಾವು ನೆನೆಯಬೇಡವೆ?