ಮರೆ ಹೊಕ್ಕವರು, ತಲೆಮರೆಸಿಕೊಂಡವರು: ಜರ್ಮನಿಯ ಚರ್ಚ್ ಆಸರೆಯ ಕುರಿತು ಒಂದು ವಿಚಾರ

ಕನ್ನಡದಲ್ಲಿ ‘ಮರೆ’ ಎಂಬ ಒಂದೇ ಮಾತಿನಿಂದ ಎರಡು ನುಡಿಗಟ್ಟುಗಳು ಹುಟ್ಟಿವೆ. ಒಂದು ಮರೆ ಹೊಗುವುದು, ಇನ್ನೊಂದು ತಲೆಮರೆಸಿಕೊಳ್ಳುವುದು. ಎರಡರಲ್ಲೂ ಬೆನ್ನಟ್ಟಿ ಬರುವವರಿದ್ದಾರೆ, ಅವರಿಂದ ಉಳಿಯಬೇಕಾದ ಜೀವವಿದೆ. ಆದರೆ ತಲೆಮರೆಸಿಕೊಂಡವನು ಎಲ್ಲಿದ್ದಾನೆಂದು ಯಾರಿಗೂ ತಿಳಿಯಬಾರದು. ಮರೆ ಹೊಕ್ಕವನು ಯಾರ ಬಳಿ ಇದ್ದಾನೆಂಬುದು ಎಲ್ಲರಿಗೂ ತಿಳಿದಿರಬೇಕು. ತಿಳಿಯದೆ ಹೋದರೆ ಆ ಮರೆಯಿಂದ ಪ್ರಯೋಜನವಿಲ್ಲ. ನಮ್ಮ ಅರಸರು ‘ಶರಣಾಗತವಜ್ರಪಂಜರ’ ಎಂಬ ಬಿರುದನ್ನು ಶಾಸನಗಳಲ್ಲಿ ಕೆತ್ತಿಸಿದ್ದರ ಹಿಂದೆಯೂ ಈ ತಿಳಿವಳಿಕೆ ಇದ್ದಂತೆ ತೋರುತ್ತದೆ. ಆಸರೆ ಕೊಟ್ಟದ್ದನ್ನು ಸಾರಿ ಹೇಳಬೇಕು, ಕಲ್ಲಿನ ಮೇಲೆ ಬರೆಸಬೇಕು.

ಜರ್ಮನಿಯ ಚರ್ಚುಗಳು ನಾಲ್ಕು ದಶಕಗಳಿಂದ ನಿರಾಶ್ರಿತರಿಗೆ ಕೊಡುತ್ತಿರುವ ಆಸರೆ ಈ ಎರಡು ನುಡಿಗಳ ನಡುವಿನ ಗೆರೆಯ ಮೇಲೆಯೇ ನಿಂತಿದೆ. ಅಲ್ಲಿ ಅದಕ್ಕೆ ‘ಕಿರ್ಖೆನ್‌ಆಸೂಲ್’ ಎಂಬ ಹೆಸರು. ನಾನು ಅದನ್ನು ‘ಚರ್ಚಿನ ಮರೆ’ ಎಂದು ಕರೆಯುತ್ತೇನೆ. ಕರುಣೆಗೂ ಕಾನೂನಿಗೂ ನಡುವಿನ ಜಗ್ಗಾಟವೆಂದು ಇದನ್ನು ನೋಡುವವರೇ ಹೆಚ್ಚು. ಆ ನೋಟ ಪೂರ್ತಿ ತಪ್ಪಲ್ಲವಾದರೂ ಅದರಿಂದ ಮುಖ್ಯವಾದ ಒಂದು ಸಂಗತಿ ಕಣ್ಣು ತಪ್ಪುತ್ತದೆ. ಚರ್ಚಿನ ಗೋಡೆಗೆ ಇಂದು ಕಾನೂನಿನ ಬಲವಿಲ್ಲ. ಅಲ್ಲಿ ಹೊಕ್ಕವರಿಗೆ ಸಿಗುವುದು ಕಾಲ: ಕೆಲವು ವಾರ, ಕೆಲವು ತಿಂಗಳು. ಆ ಕಾಲವನ್ನು ಬಹಿರಂಗವಾಗಿ ಪಡೆದು, ವಾದಕ್ಕೆ ಬಳಸಿದಾಗ ಮಾತ್ರ ಈ ಆಸರೆ ಗೆದ್ದಿದೆ ಎಂಬುದು ಪ್ರಸ್ತುತ ಲೇಖನದ ವಾದ.

ಹಳೆಯ ಆಸರೆಗಳ ಗಡುವು

ದೇವರ ಮನೆ ಹೊಕ್ಕವನನ್ನು ಯಾರೂ ಎಂದೆಂದಿಗೂ ಮುಟ್ಟುವಂತಿರಲಿಲ್ಲ ಎಂಬ ಕಲ್ಪನೆ ಜನಜನಿತವಾಗಿದೆ. ದಾಖಲೆಗಳು ಹೇಳುವುದು ಬೇರೆ. ಹೀಬ್ರೂ ಬೈಬಲ್ಲಿನ ಅರಣ್ಯಕಾಂಡದ 35ನೆಯ ಅಧ್ಯಾಯದಲ್ಲಿ ಆರು ಆಶ್ರಯನಗರಗಳ ಮಾತು ಬರುತ್ತದೆ. ಅರಿಯದೆ ಒಬ್ಬನನ್ನು ಕೊಂದವನು, ಸೇಡು ತೀರಿಸಲು ಬರುವ ಬಂಧುವಿನಿಂದ ತಪ್ಪಿಸಿಕೊಂಡು ಅಲ್ಲಿಗೆ ಓಡಬಹುದು. ಆದರೆ ಅವನು ಸಭೆಯ ಮುಂದೆ ವಿಚಾರಣೆಗೆ ನಿಲ್ಲಬೇಕು. ಮಹಾಯಾಜಕನು ತೀರಿಕೊಳ್ಳುವವರೆಗೆ ಅಲ್ಲೇ ಇರಬೇಕು, ಆಮೇಲೆ ಊರಿಗೆ ಮರಳಬಹುದು. ಯೆಹೋಶುವನ ಗ್ರಂಥ ಇನ್ನೂ ಒಂದು ವಿವರ ಕೊಡುತ್ತದೆ: ಬಂದವನು ಊರಬಾಗಿಲಲ್ಲಿ ನಿಂತು ತನ್ನ ಕಥೆಯನ್ನು ಹಿರಿಯರಿಗೆ ಹೇಳಿಕೊಳ್ಳಬೇಕು. ಕದ್ದು ಒಳಗೆ ನುಸುಳಿದರೆ ಆಗದು.

ರೋಮನ್ ಚಕ್ರವರ್ತಿ ಎರಡನೆಯ ಥಿಯೊಡೋಸಿಯಸ್ 431ರಲ್ಲಿ ಆಸರೆಯ ಹಕ್ಕನ್ನು ಚರ್ಚಿನ ಅಂಗಳಕ್ಕೂ ವಿಸ್ತರಿಸಿದ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಚರ್ಚ್ ಹೊಕ್ಕ ಅಪರಾಧಿಗೆ ಸಾಮಾನ್ಯವಾಗಿ 40 ದಿನಗಳ ಅವಕಾಶ. ಅಷ್ಟರೊಳಗೆ ಆತ ನ್ಯಾಯಾಲಯಕ್ಕೆ ಶರಣಾಗಬೇಕು, ಇಲ್ಲವೇ ತಪ್ಪೊಪ್ಪಿಕೊಂಡು, ಹೇಳಿದ ಬಂದರಿಗೆ ನಡೆದು, ದೇಶ ಬಿಡಬೇಕು. 1624ರ ಹೊತ್ತಿಗೆ ಪಾರ್ಲಿಮೆಂಟು ಆ ಹಕ್ಕನ್ನೇ ತೆಗೆದುಹಾಕಿತು. ಕ್ಯಾಥೊಲಿಕ್ ಧರ್ಮಸಂಹಿತೆಯ 1917ರ ಆವೃತ್ತಿಯಲ್ಲಿ ಉಳಿದಿದ್ದ ಆಸರೆಯ ನಿಯಮ 1983ರ ಹೊಸ ಆವೃತ್ತಿಯಲ್ಲಿ ಕಾಣುವುದಿಲ್ಲ. ಸಂಹಿತೆಯಿಂದ ಅದು ಮರೆಯಾದ ವರ್ಷವೇ ಬರ್ಲಿನ್ನಿನ ಒಂದು ಪ್ರಾಟೆಸ್ಟಂಟ್ ಚರ್ಚಿನಲ್ಲಿ ಮತ್ತೆ ಹುಟ್ಟಿತು.

ಬರ್ಲಿನ್, 1983

ಜೆಮಾಲ್ ಕೆಮಾಲ್ ಆಲ್ತುನ್ 23 ವರ್ಷದ ಟರ್ಕಿಯ ಯುವಕ. 1980ರ ಸೇನಾಕ್ರಾಂತಿಯ ನಂತರ ಪಶ್ಚಿಮ ಬರ್ಲಿನ್‌ಗೆ ಬಂದು ರಾಜಕೀಯ ಆಶ್ರಯ ಕೇಳಿದ್ದ. ಆಶ್ರಯ ಕೊಡುವ ಕಚೇರಿ ಅವನ ಅರ್ಜಿಯನ್ನು ಒಪ್ಪಿಯೂ ಇತ್ತು. ಆದರೂ ಟರ್ಕಿಯ ಸೇನಾ ಸರ್ಕಾರಕ್ಕೆ ಅವನನ್ನು ಒಪ್ಪಿಸುವ ಪ್ರಕ್ರಿಯೆ ಬೇರೆ ದಾರಿಯಲ್ಲಿ ನಡೆದೇ ಇತ್ತು. 13 ತಿಂಗಳು ಸೆರೆಯಲ್ಲಿದ್ದ ಆಲ್ತುನ್ 1983ರ ಆಗಸ್ಟ್ 30ರಂದು ಬರ್ಲಿನ್ನಿನ ಆಡಳಿತ ನ್ಯಾಯಾಲಯದ ಆರನೆಯ ಮಹಡಿಯ ಕಿಟಕಿಯಿಂದ ಹಾರಿ ಸತ್ತ. ಅವನ ಹಕ್ಕಿನ ವಿಚಾರಣೆ ಅದೇ ಕಟ್ಟಡದಲ್ಲಿ ನಡೆಯುತ್ತಿತ್ತು.

ಈ ಸಾವು ನಗರವನ್ನು ಕಲಕಿತು. ಆ ವರ್ಷವೇ ಕ್ರಾಯ್ಟ್ಸ್‌ಬರ್ಗ್ ಬಡಾವಣೆಯ ಹೋಲಿ ಕ್ರಾಸ್ ಚರ್ಚಿನ ಸಭೆ, ಪಾದ್ರಿ ಯೂರ್ಗೆನ್ ಕ್ವಾಂಟ್ ಅವರ ಮುಂದಾಳತ್ವದಲ್ಲಿ, ಮೂರು ಪ್ಯಾಲೆಸ್ತೀನಿ ಕುಟುಂಬಗಳನ್ನು ಒಳಗೆ ಕರೆದುಕೊಂಡಿತು. ಅಂತರ್ಯುದ್ಧದ ಲೆಬನಾನಿಗೆ ಅವರನ್ನು ಗಡೀಪಾರು ಮಾಡುವ ಆಜ್ಞೆ ಆಗಿತ್ತು. ಚರ್ಚ್ ಅವರನ್ನು ಬಚ್ಚಿಡಲಿಲ್ಲ. ಅವರು ತನ್ನಲ್ಲಿದ್ದಾರೆಂದು ಬಹಿರಂಗವಾಗಿ ತಿಳಿಸಿತು. ಗಡೀಪಾರು ನಿಂತಿತು. ನಂಬಿಕೆಯಲ್ಲಿ ಬೇರೆಯಾದ ಪರದೇಶಿಗಳಿಗಾಗಿ ಒಂದು ಬಡಾವಣೆಯ ಸಾಧಾರಣ ಜನ ಸರ್ಕಾರದ ಎದುರು ನಿಂತದ್ದನ್ನು ನೆನೆಯುವಾಗಲೆಲ್ಲ ನನಗೆ ಅನ್ನಿಸುವುದಿದು: ಅವರ ಧೈರ್ಯ ಬಾಗಿಲು ತೆರೆದದ್ದಕ್ಕಿಂತ, ತೆರೆದೆವೆಂದು ಹೇಳಿದ್ದರಲ್ಲಿ ಹೆಚ್ಚಾಗಿ ಇತ್ತು.

1993ರಲ್ಲಿ ಜರ್ಮನಿ ತನ್ನ ಸಂವಿಧಾನದ ಆಶ್ರಯದ ವಿಧಿಯನ್ನು ತಿದ್ದಿ ಬಿಗಿ ಮಾಡಿತು. ಸುರಕ್ಷಿತವೆಂದು ಗುರುತಿಸಿದ ನೆರೆದೇಶದ ಮೂಲಕ ಬಂದವರು ಆ ವಿಧಿಯ ರಕ್ಷಣೆ ಕೇಳುವಂತಿಲ್ಲ ಎಂದಾಯಿತು. ಮರುವರ್ಷ, 1994ರಲ್ಲಿ, ಅಲ್ಲಲ್ಲಿ ಚದುರಿದ್ದ ಸಭೆಗಳು ಸೇರಿ ರಾಷ್ಟ್ರಮಟ್ಟದ ಒಕ್ಕೂಟ ಕಟ್ಟಿಕೊಂಡವು.

ಆರು ತಿಂಗಳ ಲೆಕ್ಕ

ಇಂದಿನ ಚರ್ಚಿನ ಮರೆಯನ್ನು ಅರಿಯಲು ಡಬ್ಲಿನ್ ನಿಯಮವನ್ನು ಅರಿಯಬೇಕು. ಐರೋಪ್ಯ ಒಕ್ಕೂಟಕ್ಕೆ ಬಂದವರ ಅರ್ಜಿಯನ್ನು ಯಾವ ದೇಶ ವಿಚಾರಿಸಬೇಕೆಂದು ಅದು ಗೊತ್ತುಮಾಡುತ್ತದೆ. ಬಹುಮಟ್ಟಿಗೆ ಮೊದಲು ಕಾಲಿಟ್ಟ ದೇಶ. ಬಲ್ಗೇರಿಯಾದಲ್ಲಿ ಬೆರಳಚ್ಚು ಕೊಟ್ಟು ಜರ್ಮನಿಗೆ ಬಂದ ಅಫ್ಘಾನಿಯನ್ನು ಬಲ್ಗೇರಿಯಾಕ್ಕೇ ಕಳಿಸಬಹುದು. ಅಲ್ಲಿ ಅವನು ಪೊಲೀಸರಿಂದ ಹೊಡೆತ ತಿಂದಿದ್ದರೂ ಸರಿ, ಅವನ ಅಣ್ಣ ಜರ್ಮನಿಯಲ್ಲಿದ್ದರೂ ಸರಿ. ಆದರೆ 2013ರ ಡಬ್ಲಿನ್ ನಿಯಮಾವಳಿಯ 29ನೆಯ ವಿಧಿ ಒಂದು ಗಡುವು ಹಾಕಿದೆ. ಆರು ತಿಂಗಳೊಳಗೆ ಕಳಿಸದಿದ್ದರೆ ಹೊಣೆ ಜರ್ಮನಿಗೇ ಬರುತ್ತದೆ, ಅರ್ಜಿಯನ್ನು ಅಲ್ಲೇ ವಿಚಾರಿಸಬೇಕಾಗುತ್ತದೆ. ಆತ ತಲೆಮರೆಸಿಕೊಂಡರೆ ಗಡುವು 18 ತಿಂಗಳಿಗೆ ಬೆಳೆಯುತ್ತದೆ.

ಚರ್ಚಿನ ಮರೆ ಹೊಕ್ಕವರಲ್ಲಿ ಬಹುಪಾಲು ಜನ ಇಂಥ ಡಬ್ಲಿನ್ ಪ್ರಕರಣದವರು. ಕೆಲಸ ನಡೆಯುವ ಬಗೆ ಹೀಗೆ. ಸಭೆಯ ಆಡಳಿತ ಮಂಡಳಿ ಪ್ರಕರಣವನ್ನು ಚರ್ಚಿಸಿ ತೀರ್ಮಾನ ಮಾಡುತ್ತದೆ. ವ್ಯಕ್ತಿ ಒಳಗೆ ಬಂದೊಡನೆ ಹೆಸರು, ವಿಳಾಸಗಳನ್ನು ವಲಸೆ ಕಚೇರಿಗೆ ಬರೆದು ತಿಳಿಸಲಾಗುತ್ತದೆ. ಆಮೇಲೆ ಆತ ಚರ್ಚಿನ ಎಲ್ಲೆ ದಾಟುವಂತಿಲ್ಲ. ದಾಟಿದರೆ ಪೊಲೀಸರು ಹಿಡಿಯಬಹುದು. ಊಟ, ಹಾಸಿಗೆ, ಔಷಧ, ಭಾಷೆಯ ಪಾಠ ಎಲ್ಲ ಸಭೆಯ ಖರ್ಚು. ರೋಗ ಬಂದರೆ ಹಣ ಕೇಳದೆ ನೋಡುವ ವೈದ್ಯರನ್ನು ಹುಡುಕಬೇಕು. ಭಾನುವಾರದ ಶಾಲೆಯ ಕೋಣೆಯಲ್ಲೋ ಗಂಟೆಗೋಪುರದ ಕೆಳಗಿನ ಕೊಠಡಿಯಲ್ಲೋ ಒಂದು ಕುಟುಂಬ ತಿಂಗಳುಗಟ್ಟಲೆ ದಿನ ಎಣಿಸುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಆತಿಥ್ಯ, ಒಳಗಿರುವವರಿಗೆ ಒಂದು ಬಗೆಯ ಸೆರೆಯೂ ಹೌದು. ಈ ಮಾತನ್ನು ಚರ್ಚಿನವರೇ ಮೊದಲು ಒಪ್ಪುತ್ತಾರೆ.

2015ರ ಫೆಬ್ರುವರಿಯಲ್ಲಿ, ಅಂದಿನ ಗೃಹಸಚಿವ ತೋಮಾಸ್ ಡಿ ಮೆಜಿಯೇರ್ ಅವರು ಚರ್ಚಿನ ಮರೆಯನ್ನು ಷರಿಯಾದೊಂದಿಗೆ ಹೋಲಿಸಿ ಮಾತಾಡಿ, ಆಮೇಲೆ ಹಿಂದೆಗೆದುಕೊಂಡ ಗದ್ದಲದ ನಡುವೆಯೇ, ವಲಸೆ ಕಚೇರಿಯೂ ಚರ್ಚುಗಳೂ ಒಂದು ಒಪ್ಪಂದಕ್ಕೆ ಬಂದವು. ಪ್ರತಿ ಪ್ರಕರಣಕ್ಕೂ ಸಭೆ ಒಂದು ಕಡತ ಬರೆಯಬೇಕು: ಈ ವ್ಯಕ್ತಿಯನ್ನು ಕಳಿಸಿದರೆ ಏನಾಗುತ್ತದೆ, ಅವನ ಸ್ಥಿತಿ ಉಳಿದವರಿಗಿಂತ ಹೇಗೆ ಕಠಿಣ. ಕಚೇರಿ ಅದನ್ನು ಓದಿ ಮರುಪರಿಶೀಲಿಸಬೇಕು. ಪಕ್ಷ ವಹಿಸಿ ವಾದಿಸುವುದು ಎಂದರೆ ಇದೇ. ಪಾದ್ರಿ, ನಿವೃತ್ತ ಶಿಕ್ಷಕಿ, ಊರಿನ ವಕೀಲ ಕೂತು ಒಬ್ಬ ಮನುಷ್ಯನ ಕಥೆಯನ್ನು ಕೇಳಿ, ಕಾನೂನಿನ ಭಾಷೆಗೆ ತಂದರು. ಮೊದಲ ಒಂದೆರಡು ವರ್ಷ ಬಹಳಷ್ಟು ಕಡತಗಳಿಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಅದು ಕುಸಿಯುತ್ತ ಬಂದು, ಈಚೆಗೆ ತೀರ ಅಪರೂಪವಾಗಿದೆ.

ಇಲ್ಲಿ ನನ್ನದೊಂದು ಆಕ್ಷೇಪವಿದೆ. ಕಡತ ಓದಿ ಮನಸ್ಸು ಬದಲಿಸುವ ಕಚೇರಿ ಇಲ್ಲವಾದಾಗ, ಉಳಿಯುವುದು ಗಡುವು ಮಾತ್ರ. ಆರು ತಿಂಗಳು ಕಾದರೆ ಗೆಲುವು, ಕಾಯಲಾಗದಿದ್ದರೆ ಸೋಲು ಎಂಬ ಸ್ಥಿತಿ ಬರುತ್ತದೆ. ಇದರ ತಪ್ಪನ್ನು ಸಭೆಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೇಳುವ ಕಿವಿಯನ್ನು ಮುಚ್ಚಿಕೊಂಡದ್ದು ಕಚೇರಿ.

2018ರ ಆಗಸ್ಟ್‌ನಿಂದ ಸರ್ಕಾರ ಬಿಗಿ ಹೆಚ್ಚಿಸಿತು. ಕಡತ ತಡವಾದರೆ, ಅಥವಾ ತಿರಸ್ಕಾರವಾದ ಮೇಲೂ ವ್ಯಕ್ತಿ ಚರ್ಚ್ ಬಿಡದಿದ್ದರೆ, ಅವನನ್ನು ತಲೆಮರೆಸಿಕೊಂಡವನೆಂದು ಎಣಿಸಿ 18 ತಿಂಗಳ ಗಡುವು ಹಾಕತೊಡಗಿತು. ಲೇಖನದ ಆರಂಭದಲ್ಲಿ ಹೇಳಿದ ಗೆರೆ ನ್ಯಾಯಾಲಯದ ಕಟ್ಟೆ ಹತ್ತಿದ್ದು ಆಗ. 2020ರ ಜೂನ್‌ನಲ್ಲಿ ಜರ್ಮನಿಯ ಒಕ್ಕೂಟ ಆಡಳಿತ ನ್ಯಾಯಾಲಯ ಸ್ಪಷ್ಟಪಡಿಸಿತು: ವಿಳಾಸ ಗೊತ್ತಿರುವಾಗ, ಬಹಿರಂಗವಾಗಿ ಚರ್ಚಿನಲ್ಲಿರುವವನು ತಲೆಮರೆಸಿಕೊಂಡವನಲ್ಲ. ಪೊಲೀಸರು ಒಳಗೆ ಹೋಗಿ ಕರೆದೊಯ್ಯಲು ಕಾನೂನಿನ ಅಡ್ಡಿಯಿಲ್ಲ. ಹೋಗದಿರುವುದು ಸರ್ಕಾರದ ಸ್ವಂತ ಸಂಯಮ. ಆ ಸಂಯಮದ ಭಾರವನ್ನು ಒಳಗಿರುವವನ ಮೇಲೆ ಹೊರಿಸುವಂತಿಲ್ಲ. 2021ರ ಆರಂಭದಲ್ಲಿ ಕಚೇರಿ ಮತ್ತೆ ಆರು ತಿಂಗಳಿಗೆ ಮರಳಿತು.

ತೀರ್ಪು ಎರಡು ಅಲಗಿನದು. ಮರೆ ಹೊಕ್ಕವನ ಪ್ರಾಮಾಣಿಕತೆಯನ್ನು ಅದು ಎತ್ತಿಹಿಡಿಯಿತು. ಮರೆಯ ಗೋಡೆ ಎಷ್ಟು ತೆಳುವೆಂಬುದನ್ನೂ ತೋರಿಸಿಕೊಟ್ಟಿತು. ಬವೇರಿಯಾದಲ್ಲಿ ಗಾಜಾದ ಒಬ್ಬನಿಗೆ ಮಠದಲ್ಲಿ ಜಾಗ ಕೊಟ್ಟ ಬೆನೆಡಿಕ್ಟೈನ್ ಸನ್ಯಾಸಿಯೊಬ್ಬರ ಮೇಲೆ ಮೊಕದ್ದಮೆ ನಡೆಯಿತು. 2021ರಲ್ಲಿ ಅವರ ಖುಲಾಸೆಯಾಗಿ, ಮರುವರ್ಷ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅತ್ತ 2024ರ ಮೇ ತಿಂಗಳಲ್ಲಿ ಲೋವರ್ ಸ್ಯಾಕ್ಸನಿಯ ಬೀನೆನ್‌ಬ್ಯುಟೆಲ್ ಎಂಬ ಊರಿನ ಚರ್ಚಿನ ಆಸರೆಯಲ್ಲಿದ್ದ ರಷ್ಯಾದ ಕುಟುಂಬವನ್ನು ಪೊಲೀಸರು ಕರೆದೊಯ್ದು ಸ್ಪೇನಿಗೆ ಕಳಿಸಿದರು.

ಟೂಸಾನ್ ಮತ್ತು ಹೇಗ್

ಬಹಿರಂಗವಾಗಿರುವುದರ ಬಲವನ್ನು ಅಮೆರಿಕದ ಅರಿಜೋನಾದವರು ಬರ್ಲಿನ್ನಿಗಿಂತ ಮೊದಲೇ ಕಂಡುಕೊಂಡಿದ್ದರು. ಎಲ್ ಸಾಲ್ವಡೋರ್, ಗ್ವಾಟೆಮಾಲಾಗಳ ಹಿಂಸೆಯಿಂದ ಓಡಿಬಂದವರಿಗೆ ಕ್ವೇಕರ್ ಪಂಥದ ಜಿಮ್ ಕಾರ್ಬೆಟ್, ಪ್ರೆಸ್ಬಿಟೀರಿಯನ್ ಪಾದ್ರಿ ಜಾನ್ ಫೈಫ್ ಮೊದಲು ಗುಟ್ಟಾಗಿಯೇ ನೆರವಾಗುತ್ತಿದ್ದರು. 1982ರ ಮಾರ್ಚ್ 24ರಂದು, ಎಲ್ ಸಾಲ್ವಡೋರಿನ ಆರ್ಚ್‌ಬಿಷಪ್ ಆಸ್ಕರ್ ರೊಮೇರೊ ಕೊಲೆಯಾದ ಎರಡನೆಯ ವರ್ಷದ ದಿನ, ಟೂಸಾನ್ ನಗರದ ಸೌತ್‌ಸೈಡ್ ಚರ್ಚ್ ತಾನು ಆಸರೆಯ ತಾಣವೆಂದು ಘೋಷಿಸಿತು. ವಿಷಯವನ್ನು ಅಮೆರಿಕದ ಅಟಾರ್ನಿ ಜನರಲ್‌ಗೆ ಪತ್ರದಲ್ಲಿ ಮೊದಲೇ ತಿಳಿಸಿತ್ತು. ಆ ಹೊತ್ತಿಗೆ ಸಾಲ್ವಡೋರ್, ಗ್ವಾಟೆಮಾಲಾದವರ ಆಶ್ರಯದ ಅರ್ಜಿಗಳಲ್ಲಿ ನೂರಕ್ಕೆ ಮೂರೂ ಒಪ್ಪಿಗೆ ಆಗುತ್ತಿರಲಿಲ್ಲ. 1980ರ ನಿರಾಶ್ರಿತರ ಕಾಯ್ದೆಯನ್ನು ಮುರಿಯುತ್ತಿರುವುದು ಸರ್ಕಾರ, ಪಾಲಿಸುತ್ತಿರುವವರು ತಾವು ಎಂಬುದು ಕಾರ್ಬೆಟ್ ಅವರ ನಿಲುವು. ಈ ನೆರವಿಗಾಗಿ ಮೊಕದ್ದಮೆ ಎದುರಿಸಿದವರಲ್ಲಿ ಎಂಟು ಮಂದಿ ತಪ್ಪಿತಸ್ಥರೆಂದು 1986ರಲ್ಲಿ ತೀರ್ಪಾಯಿತು, ಯಾರೂ ಜೈಲಿಗೆ ಹೋಗಲಿಲ್ಲ. ಚರ್ಚುಗಳು ಹೂಡಿದ್ದ ಇನ್ನೊಂದು ದಾವೆ 1991ರಲ್ಲಿ ರಾಜಿಯಾಗಿ, ಆ ಎರಡು ದೇಶದವರಿಗೆ ಹೊಸ ವಿಚಾರಣೆಯ ಹಕ್ಕು ಸಿಕ್ಕಿತು.

ನೆದರ್‌ಲೆಂಡ್ಸಿನ ಹೇಗ್ ನಗರದಲ್ಲಿ ಕಾಲವೇ ಗೋಡೆಯಾಯಿತು. ಪೂಜೆ ನಡೆಯುವಾಗ ಪೊಲೀಸರು ಒಳಗೆ ಬರಬಾರದೆಂಬ ಕಾನೂನು ಅಲ್ಲಿದೆ. ಆರ್ಮೇನಿಯಾದ ಒಂದು ಕುಟುಂಬವನ್ನು ಉಳಿಸಲು ಬೆಥೆಲ್ ಚರ್ಚ್ 2018ರ ಅಕ್ಟೋಬರ್ 26ರಂದು ಆರಂಭಿಸಿದ ಪ್ರಾರ್ಥನೆಯನ್ನು 2019ರ ಜನವರಿ 30ರವರೆಗೆ, 96 ದಿನ, ಹಗಲಿರುಳು ನಿಲ್ಲಿಸಲಿಲ್ಲ. ನೂರಾರು ಪಾದ್ರಿಗಳು ಸರದಿಯಲ್ಲಿ ಬಂದರು. ಆಳುವ ಪಕ್ಷಗಳು ಮಣಿದು, ಸುಮಾರು 700 ಮಕ್ಕಳ ಪ್ರಕರಣಗಳನ್ನು ಮತ್ತೆ ನೋಡಲು ಒಪ್ಪಿದವು. ಆದರೆ ಅದೇ ರಾಜಿಯಲ್ಲಿ, ವಿಶ್ವಸಂಸ್ಥೆಯ ಮೂಲಕ ಕರೆಸಿಕೊಳ್ಳುವ ನಿರಾಶ್ರಿತರ ವಾರ್ಷಿಕ ಸಂಖ್ಯೆಯನ್ನು 750ರಿಂದ 500ಕ್ಕೆ ಇಳಿಸಲಾಯಿತು. ಒಳಗಿರುವವರಿಗಾಗಿ ಹಾಡಿದ ಪ್ರಾರ್ಥನೆಗೆ, ದೂರದ ಶಿಬಿರದಲ್ಲಿ ಕಾಯುತ್ತಿದ್ದ 250 ಮಂದಿ ಬೆಲೆ ತೆತ್ತರು. ಅವರಿಗೆ ಈ ಚರ್ಚಿನ ಹೆಸರೂ ಗೊತ್ತಿರಲಾರದು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ಬರೆಯದಿದ್ದರೆ ವಿಚಾರಕ್ಕೆ ಅಪಚಾರ.

ಎಷ್ಟು ಮಂದಿಗೆ?

ಜರ್ಮನಿಯಲ್ಲಿ 2024ರಲ್ಲಿ ಸುಮಾರು 2,30,000 ಮಂದಿ ಮೊದಲ ಬಾರಿಗೆ ಆಶ್ರಯ ಕೋರಿದರು. ಆ ವರ್ಷ ಚರ್ಚಿನ ಮರೆಯ ಪ್ರಕರಣಗಳು ಎರಡು ಸಾವಿರ ಚಿಲ್ಲರೆ. ಯಾರಿಗೆ ಪಾದ್ರಿಯ ಪರಿಚಯವಿತ್ತೋ, ಯಾವ ಊರಿನಲ್ಲಿ ಖಾಲಿ ಕೋಣೆಯಿತ್ತೋ ಅವರಿಗೆ ಜಾಗ. ಸಭೆಗಳು ದಿನಕ್ಕೆ ಹಲವು ಕರೆಗಳಿಗೆ ಇಲ್ಲವೆನ್ನಬೇಕಾಗುತ್ತದೆ. ಕಡತಗಳಲ್ಲಿ ದಾಖಲಾಗದ ಆ ‘ಇಲ್ಲ’ಗಳ ಅಧ್ಯಯನ ಆಗಬೇಕಾಗಿದೆ.

ಕರ್ನಾಟಕದ ಅನುಭವವನ್ನು ಪಕ್ಕದಲ್ಲಿಟ್ಟರೆ ಚಿತ್ರ ತಿರುವುಮುರುವಾಗುತ್ತದೆ. 1960ರ ಹೊತ್ತಿಗೆ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಾಗ, ಟಿಬೆಟಿಯನ್ನರಿಗೆ ಆಸರೆಯಾದದ್ದು ರಾಜ್ಯ. ಧರ್ಮ ನಿರಾಶ್ರಿತರ ಜತೆಗೇ ಬಂತು. ಟಿಬೆಟಿನ ಮಠಗಳಾದ ಸೆರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್, ಗಂದೆನ್ ಮುಂಡಗೋಡಿನಲ್ಲಿ ಮತ್ತೆ ಎದ್ದವು. ಕೊಟ್ಟ ನೆಲದ ಉದಾರತೆ ದೊಡ್ಡದು. ಆದರೆ ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಕಾಯ್ದೆ ಮಾಡಿಲ್ಲ. ಆ ಟಿಬೆಟಿಯನ್ನರ ಮೂರನೆಯ ತಲೆಮಾರೂ ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರದ ಮೇಲೆ ಬದುಕುತ್ತಿದೆ.

ಐರೋಪ್ಯ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ಹೊಸ ನಿಯಮಾವಳಿ 2026ರ ಮಧ್ಯದಿಂದ ಡಬ್ಲಿನ್ ನಿಯಮದ ಜಾಗಕ್ಕೆ ಬರುವಂತಿದೆ. ಆರು ತಿಂಗಳ ಗಡುವನ್ನು ಅದು ಉಳಿಸಿಕೊಂಡಿದೆ. ತಲೆಮರೆಸಿಕೊಂಡವರಿಗಿದ್ದ 18 ತಿಂಗಳನ್ನು ಮೂರು ವರ್ಷಕ್ಕೆ ಹಿಗ್ಗಿಸಿದೆ. ಯಾವ ಸಭೆಯೂ ಒಂದು ಕುಟುಂಬವನ್ನು ಮೂರು ವರ್ಷ ಗಂಟೆಗೋಪುರದ ಕೆಳಗೆ ಇಟ್ಟುಕೊಳ್ಳಲಾರದು. ಹಾಗಾಗಿ ವಿಳಾಸ ಬರೆದುಕೊಟ್ಟು ಬಾಗಿಲ ಬಳಿ ಕೂತವನು ಮರೆ ಹೊಕ್ಕವನೋ ತಲೆಮರೆಸಿಕೊಂಡವನೋ ಎಂಬ ಪ್ರಶ್ನೆಗೆ 2020ರಲ್ಲಿ ಸಿಕ್ಕ ಉತ್ತರವನ್ನು ಜರ್ಮನಿಯ ಚರ್ಚುಗಳು ಹೊಸ ನಿಯಮದ ಕೆಳಗೂ ಕಾಯ್ದುಕೊಳ್ಳಬೇಕಾಗಿದೆ.