ಗೇಟಿನ ಮುಂದೆ ನಿಂತವರು

“ಸ್ವಂತ ಕಂಪನಿಯೇನೋ? ಎಷ್ಟು ಜನ ಇದ್ದಾರೆ ಕೆಲಸಕ್ಕೆ?” ಎಂದು ಪ್ರತಿ ಸಲ ಊರಿಗೆ ಹೋದಾಗ ಸೋದರಮಾವ ಕೇಳುತ್ತಾರೆ. “ನಾನೊಬ್ಬನೇ ಮಾವ” ಎಂದರೆ ನಕ್ಕುಬಿಡುತ್ತಾರೆ. ಲಂಡನ್ನಿನಲ್ಲಿ ಐಟಿ ಕಾಂಟ್ರ್ಯಾಕ್ಟರ್ ಆಗಿರುವ ನಮ್ಮ ಬಳಗದ ಹಲವರ ಕಥೆಯೂ ಇದೇ. ಡೈರೆಕ್ಟರ್, ಗುಮಾಸ್ತ, ಕೂಲಿ ಎಲ್ಲ ನಾವೇ. ದಿನದ ಲೆಕ್ಕದ ದುಡ್ಡು, ಮೂರು ತಿಂಗಳ ಕರಾರು. ಊರಿಗೆ ಹೋಗಿ ಒಂದೂವರೆ ತಿಂಗಳು ಇದ್ದು ಬರಲು ಯಾರ ಅಪ್ಪಣೆಯೂ ಬೇಕಿಲ್ಲ.

ನಾನು ದುಡಿಯುವುದು ಕ್ಯಾನರಿ ವಾರ್ಫಿನಲ್ಲಿ. ಹೆಸರು ಬಂದದ್ದು ಹಕ್ಕಿಯಿಂದಲ್ಲ. 1930ರ ದಶಕದಲ್ಲಿ ಕ್ಯಾನರಿ ದ್ವೀಪಗಳ ಹಣ್ಣು ಇಳಿಸುತ್ತಿದ್ದ ಕಟ್ಟೆಯಿಂದ. ಅದಕ್ಕೂ ಬಹಳ ಮೊದಲು, 1802ರಲ್ಲಿ, ಇಲ್ಲಿ ವೆಸ್ಟ್ ಇಂಡಿಯಾ ಡಾಕ್ಸ್ ತೆರೆದಿತ್ತು. ಕೆರಿಬಿಯನ್ನಿನಲ್ಲಿ ಗುಲಾಮರ ಬೆವರಿನಿಂದ ಬೆಳೆದ ಸಕ್ಕರೆ ಇಲ್ಲಿಗೆ ಬರುತ್ತಿತ್ತು. ಆಗಿನ ಒಂದು ಉಗ್ರಾಣದಲ್ಲಿ 2003ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಊಟದ ಬಿಡುವಿನಲ್ಲಿ ಸುಮ್ಮನೆ ಒಳಹೊಕ್ಕವನು ಆಮೇಲೆ ಈ ಹಮಾಲರ ಚರಿತ್ರೆಯ ಬೆನ್ನು ಹತ್ತಿದೆ.

ಹತ್ತೊಂಬತ್ತನೇ ಶತಮಾನದ ಹಡಗುಕಟ್ಟೆಯ ಹಮಾಲಿಗೆ ಕಾಯಂ ಧಣಿ ಎಂಬುವನಿರಲಿಲ್ಲ. ಬೆಳಗ್ಗೆ ಬಂದು ಗೇಟಿನ ಮುಂದೆ ನಿಲ್ಲಬೇಕು, ಮೇಸ್ತ್ರಿ ಬೇಕಾದವರನ್ನು ಆರಿಸಿ ಕರೆಯುತ್ತಾನೆ, ಉಳಿದವರು ಮನೆಗೆ. ಬೆಂಗಳೂರಿನ ಸರ್ಕಲ್ಲುಗಳಲ್ಲಿ ಬುತ್ತಿ ಹಿಡಿದು ನಿಲ್ಲುವ ಗಾರೆ ಕೆಲಸದವರನ್ನು ನೆನೆಸಿಕೊಳ್ಳಿ, ಅದೇ ಚಿತ್ರ. ಕರೆ ಬಂದರೂ ಗಂಟೆಗೆ ಐದು ಪೆನ್ನಿ, ಅದೂ ಕೆಲವು ಸಲ ಒಂದೆರಡು ಗಂಟೆಗೆ ಮಾತ್ರ.

1889ರ ಆಗಸ್ಟಿನಲ್ಲಿ ಇದೇ ಡಾಕಿನಲ್ಲಿ ‘ಲೇಡಿ ಆರ್ಮ್‌ಸ್ಟ್ರಾಂಗ್’ ಎಂಬ ಹಡಗಿನ ಸರಕು ಇಳಿಸುವಾಗ ಬೋನಸ್ಸಿನ ಬಗ್ಗೆ ಜಗಳ ಹತ್ತಿತು. ಬೆನ್ ಟಿಲೆಟ್ ಮುಂತಾದವರ ಮುಂದಾಳತ್ವದಲ್ಲಿ ಅದು ಲಂಡನ್ ಬಂದರನ್ನೇ ನಿಲ್ಲಿಸಿದ ಮುಷ್ಕರವಾಯಿತು. ಗಂಟೆಗೆ ಆರು ಪೆನ್ನಿ ಕೊಡಿ, ಕರೆದರೆ ನಾಲ್ಕು ಗಂಟೆಯಾದರೂ ಕೆಲಸ ಕೊಡಿ ಎಂಬುದು ಬೇಡಿಕೆ. ಒಪ್ಪೊತ್ತಿನ ಊಟಕ್ಕೂ ಕಷ್ಟವಾಗಿದ್ದಾಗ ಆಸ್ಟ್ರೇಲಿಯಾದಿಂದ ಸುಮಾರು 30,000 ಪೌಂಡು ಚಂದಾ ಬಂದು ಕೈಹಿಡಿಯಿತು. ಕಾರ್ಡಿನಲ್ ಮ್ಯಾನಿಂಗ್ ಸಂಧಾನಕ್ಕೆ ಕೂತರು. ಸೆಪ್ಟೆಂಬರಿನಲ್ಲಿ ಆರು ಪೆನ್ನಿಯೇನೋ ಸಿಕ್ಕಿತು, ಗೇಟಿನ ಮುಂದೆ ನಿಲ್ಲುವುದು ತಪ್ಪಲಿಲ್ಲ. 1947ರ ಯೋಜನೆಯಲ್ಲಿ ಕೆಲಸವಿಲ್ಲದ ದಿನಕ್ಕೂ ಹಾಜರಿ ಭತ್ಯೆ ಬಂತು. ಕಾಯಂ ನೌಕರಿ ಬಂದದ್ದು 1967ರಲ್ಲಿ.

ನನಗೆ ಆಶ್ಚರ್ಯವಾದದ್ದು ಇಲ್ಲಿ. ಹಲವು ಹಮಾಲರಿಗೆ ಈ ಕಾಯಂ ನೌಕರಿ ಹಿಡಿಸಲಿಲ್ಲ! ಮನಸ್ಸಿಲ್ಲದ ದಿನ ಬಾರದಿರುವುದು, ಒಳ್ಳೆಯ ಸರಕಿನ ಹಡಗಿಗಾಗಿ ಕಾಯುವುದು, ಒಬ್ಬನೇ ಧಣಿಗೆ ತಲೆಬಾಗದಿರುವುದು, ಇವೆಲ್ಲ ಕಳೆದುಹೋಗುತ್ತವೆ ಎಂಬ ಸಂಕಟ. ಅಪ್ಪ, ಅಜ್ಜ ಹೋರಾಡಿ ಕೇಳಿದ್ದನ್ನು ಕೊಡಲು ಬಂದಾಗ ಮಗ ಹಿಂದೆಮುಂದೆ ನೋಡಿದ. ಅದನ್ನು ಓದಿದಾಗ ನನಗೆ ನನ್ನದೇ ಮುಖ ಕಂಡಿತು. ಆ ನೌಕರಿಯೂ ಬಹಳ ಕಾಲ ಉಳಿಯಲಿಲ್ಲ. ಕಂಟೇನರ್ ಹಡಗುಗಳು ನದಿಯ ಕೆಳಭಾಗದ ಟಿಲ್ಬರಿಗೆ ಹೋದವು, 1980ರಲ್ಲಿ ಈ ಡಾಕ್ ಮುಚ್ಚಿತು, 1991ರ ಹೊತ್ತಿಗೆ ಇಲ್ಲೊಂದು ಗಗನಚುಂಬಿ ಎದ್ದು ನಿಂತಿತ್ತು.

ಇನ್ನು ನಮ್ಮ ತಲೆನೋವು, ಐಆರ್35. 2000ದ ಏಪ್ರಿಲಿನಿಂದ ಜಾರಿಯಲ್ಲಿರುವ ಈ ತೆರಿಗೆ ನಿಯಮ, ಕಾಂಟ್ರ್ಯಾಕ್ಟರ್ ನಿಜಕ್ಕೂ ಸ್ವತಂತ್ರನೋ ವೇಷ ಮರೆಸಿಕೊಂಡ ನೌಕರನೋ ಎಂದು ನೋಡುತ್ತದೆ. ಅದರ ಒಂದು ಒರೆಗಲ್ಲು: ಈ ಕೆಲಸ ಮುಗಿದ ಮೇಲೆ ಇನ್ನೊಂದು ಕೊಡಲೇಬೇಕೆಂಬ ಬದ್ಧತೆ ಅವರಿಗಿದೆಯೇ, ಕೊಟ್ಟದ್ದನ್ನು ಒಪ್ಪಲೇಬೇಕೆಂಬ ಬದ್ಧತೆ ನಿನಗಿದೆಯೇ? ಇಲ್ಲವೆಂದರೆ ನೀನು ಸ್ವತಂತ್ರ ಎಂದು ವಾದಿಸಲು ಅದೂ ಒಂದು ಆಧಾರ. 1889ರಲ್ಲಿ ಗೇಟಿನ ಮುಂದೆ ನಿಂತವನ ದೂರೇ ಅದಾಗಿತ್ತಲ್ಲ, ನಾಳೆ ಕರೆಯುವ ಹಂಗು ಯಾರಿಗೂ ಇಲ್ಲವೆಂಬುದು!

2021ರ ಏಪ್ರಿಲಿನಿಂದ ಈ ತೀರ್ಮಾನ ದೊಡ್ಡ, ಮಧ್ಯಮ ಗಾತ್ರದ ಖಾಸಗಿ ಸಂಸ್ಥೆಗಳ ಕೈಗೆ ಹೋಯಿತು. ನಾನಿದ್ದ ಬ್ಯಾಂಕು, ಕಾಯಂ ಆಗಿ ಇಲ್ಲವೇ ಹೊರಡಿ ಎಂದಿತು. ಮನೆಯಾಕೆ “ಮಕ್ಕಳ ಮುಖ ನೋಡಿ, ಒಪ್ಪಿಕೊಳ್ಳಿ” ಎಂದಳು. ಒಪ್ಪದೆ ಒಂದು ಸಣ್ಣ ಸಂಸ್ಥೆಗೆ ಬಂದೆ. ನಡುವೆ ಐದು ತಿಂಗಳು ಬರಿಗೈ. ಆಕೆ ಇವತ್ತಿಗೂ ಅದನ್ನು ಎತ್ತಿ ಆಡಿಲ್ಲ, ಅದೇ ಹೆಚ್ಚು ಚುಚ್ಚುತ್ತದೆ.

ಈಗಿನ ಕರಾರು ತಿಂಗಳ ಕೊನೆಗೆ ಮುಗಿಯುತ್ತದೆ. ಮ್ಯಾನೇಜರ್ ಇನ್ನೂ ಬಾಯಿ ಬಿಟ್ಟಿಲ್ಲ. ಊರಿಗೆ ಟಿಕೆಟ್ ತೆಗೆದಾಗಿದೆ, ವಾಪಸು ಬರುವ ತಾರೀಖು ಮಾತ್ರ ಇನ್ನೂ ಹಾಕಿಲ್ಲ.